ಕೆಂಪು ದೆವ್ವದ ಬೆನ್ನ ಮೇಲೆ ಕಟ್ಟಿದ್ದವರು ಯಾರು?

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಕೌಬಾಯ್ ಕಥೆ ಅಂದ್ರೆ ಪ್ರಾಣ. ಈಗ ತಾನೇ ಒಂದು ಬರೆಯಲು ಕೂತಿದ್ದಾನೆ, ಅದರಲ್ಲಿ ದೆವ್ವವೂ ಇರಬೇಕಂತೆ. ಮೂರು ಪುಟ ಬರೆದ. ಒಂದು ಸಾರಾಯಿ ಅಂಗಡಿ, ಎರಡು ಪಿಸ್ತೂಲು, ಕರಿ ಟೋಪಿಯ ಕಳ್ಳ, ಆಮೇಲೆ ಬಿಳಿ ಸೀರೆಯ ದೆವ್ವ. ಅಲ್ಲಿಗೆ ಕಥೆ ನಿಂತಿತು. 'ಅಮ್ಮಾ, ಮುಂದೆ ಏನಾಗ್ಬೇಕು?' ಅಂತ ದಿನಾ ಕೇಳುತ್ತಾನೆ. ನನಗೆ ಅಮೆರಿಕದ ವಿಷಯ ಗೊತ್ತಿಲ್ಲ. ಗುಂಡು ಹಾರುವ, ಹೆಣ ಬೀಳುವ ಕಥೆ ಈ ವಯಸ್ಸಿಗೆ ಸರಿಯಾ ಅನ್ನುವ ಅಳುಕೂ ಇದೆ. ಹೇಗೆ ಸಹಾಯ ಮಾಡಲಿ? (ಹಾವೇರಿ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ಅಮ್ಮಾ, ಮೂರು ಪುಟಕ್ಕೆ ಕಥೆ ನಿಂತಿದ್ದು ಹುಡುಗನ ತಪ್ಪಲ್ಲ. ಅವನು ಕರೆದುಕೊಂಡು ಹೋದ ದೆವ್ವ ಆ ಜಾಗದ್ದಲ್ಲ, ಅಷ್ಟೇ. ನಮ್ಮ ದೆವ್ವಗಳು ಹುಣಸೆಮರದವು, ಹಾಳುಬಾವಿಯವು, ಊರಾಚೆಯ ತಿರುವಿನವು. ಅವಕ್ಕೆ ಹತ್ತಿರದಲ್ಲೇ ಒಂದು ಊರು ಬೇಕು. ಅಮೆರಿಕದ ಪಶ್ಚಿಮ ಸೀಮೆ ಬೇರೆ ಥರದ್ದು. ಆ ಕಾಲದಲ್ಲಿ ಎಷ್ಟೋ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಕುದುರೆ ಮೇಲೆ ದಿನಗಟ್ಟಲೆ ದಾರಿ. ನಡುವೆ ಒಣ ನೆಲ, ಕಲ್ಲಿನ ಕಮರಿ, ಮುಳ್ಳುಪೊದೆ. ಅಲ್ಲಿನ ದೆವ್ವ ಒಂದು ಮರದಲ್ಲಿ ಕೂರುವುದಿಲ್ಲ. ಅಲೆಯುತ್ತದೆ. ಮತ್ತು ಬಹಳ ಸಲ ಅದನ್ನು ಹುಟ್ಟಿಸಿದ್ದು ಬದುಕಿದ್ದ ಮನುಷ್ಯರೇ.

ಇದನ್ನು ಬರೀ ವಿವರಣೆಯಾಗಿ ಹೇಳಿದರೆ ಹುಡುಗನಿಗೆ ಹಿಡಿಸುವುದಿಲ್ಲ. ಅದಕ್ಕೇ ಒಂದು ಕಥೆ ಹೇಳುತ್ತೇನೆ. ಇಂದು ರಾತ್ರಿ ಊಟ ಆದ ಮೇಲೆ ಅವನಿಗೆ ಇದನ್ನೇ ಹೇಳಿ.

1883. ಅರಿಜೋನಾ ಸೀಮೆಯ ಈಗಲ್ ಕ್ರೀಕ್ ಎಂಬ ಹಳ್ಳದ ಹತ್ತಿರ ಒಂದು ಒಂಟಿ ಮನೆ. ಗಂಡಸರು ದನಗಳನ್ನು ನೋಡಿಕೊಂಡು ಬರಲು ಹೋಗಿದ್ದರು. ಮನೆಯಲ್ಲಿ ಇಬ್ಬರು ಹೆಂಗಸರು, ಮಕ್ಕಳು. ಒಬ್ಬಳು ನೀರು ತರಲು ಒರತೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ನಾಯಿ ವಿಕಾರವಾಗಿ ಬೊಗಳತೊಡಗಿತು. ಆಮೇಲೆ ಒಂದು ಕಿರುಚು. ಮನೆಯೊಳಗಿದ್ದವಳು ಕಿಟಕಿಯಿಂದ ನೋಡಿದಳು. ಕುದುರೆಗಿಂತ ಎತ್ತರದ, ಕೆಂಪು ಬಣ್ಣದ ಏನೋ ಒಂದು ಓಡುತ್ತಿತ್ತು. ಅದರ ಬೆನ್ನ ಮೇಲೆ ದೆವ್ವ ಕೂತಂತಿತ್ತು. ಬಾಗಿಲು ಭದ್ರ ಮಾಡಿಕೊಂಡು ದೇವರನ್ನು ನೆನೆಯುತ್ತಾ ಕೂತಳು. ಗಂಡಸರು ಬಂದು ನೋಡಿದಾಗ ನೀರಿಗೆ ಹೋದವಳು ಒರತೆಯ ಬಳಿ ತುಳಿತಕ್ಕೆ ಸಿಕ್ಕಿ ಸತ್ತಿದ್ದಳು. ಕೆಸರಿನಲ್ಲಿ ಕುದುರೆಯ ಗೊರಸಿಗಿಂತ ಎಷ್ಟೋ ದೊಡ್ಡ ಹೆಜ್ಜೆಗುರುತು. ಪೊದೆಯಲ್ಲಿ ಸಿಕ್ಕಿಕೊಂಡಿದ್ದು ಉದ್ದನೆಯ ಕೆಂಪು ಕೂದಲು.

ಕೆಲವು ದಿನಕ್ಕೆ ಚಿನ್ನ ಹುಡುಕುವವರ ಒಂದು ಡೇರೆಯ ಮೇಲೆ ಅದೇ ಪ್ರಾಣಿ ನುಗ್ಗಿತು. ಮತ್ತೆ ಅವೇ ಹೆಜ್ಜೆ, ಅದೇ ಕೂದಲು. ಜನ ಅದಕ್ಕೆ 'ಕೆಂಪು ದೆವ್ವ' ಅಂತ ಹೆಸರಿಟ್ಟರು. ಆಮೇಲೆ ಒಬ್ಬ ದನ ಸಾಕುವವ ಅದನ್ನು ದೂರದಿಂದ ಸರಿಯಾಗಿ ನೋಡಿದ. ಅದು ಒಂಟೆ ಅಂತ ಹೇಳಿದ. ಆದರೆ ಇನ್ನೊಂದು ಮಾತನ್ನೂ ಹೇಳಿದ. ಅದರ ಬೆನ್ನ ಮೇಲೆ ಏನೋ ಕಟ್ಟಿದೆ, ನೋಡಿದರೆ ಸತ್ತ ಮನುಷ್ಯನ ಹಾಗಿದೆ ಅಂದ. ಯಾರೂ ನಂಬಲಿಲ್ಲ. ಕೆಲವು ವಾರ ಕಳೆದ ಮೇಲೆ ವರ್ಡೆ ನದಿಯ ಕಡೆ ಕೆಲವರು ಅದಕ್ಕೆ ಗುಂಡು ಹೊಡೆದರು. ಒಂಟೆ ತಪ್ಪಿಸಿಕೊಂಡಿತು. ಆದರೆ ಅದರ ಬೆನ್ನಿಂದ ಏನೋ ಉರುಳಿ ಬಿತ್ತು. ಹೋಗಿ ನೋಡಿದರೆ ಮನುಷ್ಯನ ತಲೆಬುರುಡೆ.

ಹತ್ತು ವರ್ಷ ಅದು ಅಲೆಯಿತು. 1893ರಲ್ಲಿ ಒಂದು ಬೆಳಿಗ್ಗೆ ಒಬ್ಬ ರೈತ ತನ್ನ ತರಕಾರಿ ಹಿತ್ತಲಲ್ಲಿ ಕೆಂಪು ಒಂಟೆ ಮೇಯುತ್ತಿರುವುದನ್ನು ಕಂಡ. ಒಂದೇ ಗುಂಡಿಗೆ ಅದು ಬಿತ್ತು. ಆಗ ಬೆನ್ನ ಮೇಲೆ ಯಾರೂ ಇರಲಿಲ್ಲ. ಚರ್ಮದ ಮಿಣಿ ಮಾತ್ರ ಇತ್ತು. ಎಷ್ಟು ಬಿಗಿಯಾಗಿ ಕಟ್ಟಿದ್ದರು ಅಂದ್ರೆ, ಅದು ಮಾಂಸದೊಳಗೆ ಇಳಿದು ಗಾಯದ ಕಲೆ ಮಾಡಿತ್ತು.

ಪತ್ರಿಕೆಗಳಲ್ಲಿ ಬಂದು, ಬಾಯಿಂದ ಬಾಯಿಗೆ ಹೋಗಿ ಬೆಳೆದ ಕಥೆ ಇದು. ಒಂದೊಂದು ವಿವರವನ್ನೂ ಪ್ರಮಾಣ ಮಾಡಿ ಹೇಳಲಾಗದು. ಆದರೆ ಆ ಸೀಮೆಯಲ್ಲಿ ಒಂಟೆ ಇದ್ದದ್ದು ಮಾತ್ರ ಖಂಡಿತ ನಿಜ. ಅಮೆರಿಕಕ್ಕೆ ಒಂಟೆ ಎಲ್ಲಿಂದ ಬಂತು ಅಂತ ನಿಮ್ಮ ಮಗ ಕೇಳೇ ಕೇಳುತ್ತಾನೆ. ಅದಕ್ಕೂ ಉತ್ತರ ಇದೆ, ಅದೇ ಒಂದು ಸಾಹಸ ಕಥೆ.

ಪಶ್ಚಿಮದ ಮರುಭೂಮಿಯಲ್ಲಿ ಸೈನ್ಯದ ಸಾಮಾನು ಹೊರಲು ಕುದುರೆ, ಹೇಸರಗತ್ತೆ ಸಾಲುತ್ತಿರಲಿಲ್ಲ. ನೀರಿಲ್ಲದೆ ಸೋಲುತ್ತಿದ್ದವು. 1855ರಲ್ಲಿ ಅಮೆರಿಕದ ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಒಂಟೆ ತರಲು 30,000 ಡಾಲರ್ ಕೊಟ್ಟಿತು. ಹಡಗು ಮೆಡಿಟರೇನಿಯನ್ ಸಮುದ್ರ ಸುತ್ತಿ, ಈಜಿಪ್ಟ್, ಟರ್ಕಿ ಕಡೆಯಿಂದ ಒಂಟೆ ತುಂಬಿಕೊಂಡು 1856ರಲ್ಲಿ ಟೆಕ್ಸಾಸಿನ ಇಂಡಿಯನೋಲಾ ಬಂದರಿಗೆ ಬಂತು. 34 ಒಂಟೆ ಇಳಿದವು. ಮುಂದಿನ ವರ್ಷ ಇನ್ನೂ 41. ಅವುಗಳನ್ನು ನೋಡಿಕೊಳ್ಳಲು ಆ ಕಡೆಯ ಜನರನ್ನೇ ಕರೆತಂದಿದ್ದರು. ಅವರಲ್ಲಿ ಒಬ್ಬ ಹಾಜಿ ಅಲಿ. ಅಮೆರಿಕದ ಸಿಪಾಯಿಗಳ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. 'ಹೈ ಜಾಲಿ' ಮಾಡಿಬಿಟ್ಟರು. ಜೀವನಪೂರ್ತಿ ಅವನಿಗೆ ಅದೇ ಹೆಸರಾಯಿತು.

1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿ ಈ ಒಂಟೆಗಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ಕಡೆ ಬಂಡಿ ದಾರಿ ಹುಡುಕಲು ಹೊರಟ. ಆ ತಂಡದಲ್ಲಿದ್ದ 19 ವರ್ಷದ ಮೇ ಹಂಫ್ರೀಸ್ ಸ್ಟೇಸಿ ಎಂಬ ಹುಡುಗ ದಿನಚರಿ ಬರೆದಿಟ್ಟಿದ್ದಾನೆ. ನಿಮ್ಮ ಮಗನಿಗಿಂತ ಏಳೇ ವರ್ಷ ದೊಡ್ಡವನು, ಅಲ್ವಾ? ಒಂಟೆಗಳು ಕೆಲಸ ಚೆನ್ನಾಗಿಯೇ ಮಾಡಿದವು. ಆದರೆ ಅವುಗಳ ವಾಸನೆಗೆ ಕುದುರೆ, ಹೇಸರಗತ್ತೆ ಬೆದರುತ್ತಿದ್ದವು. ಸಿಪಾಯಿಗಳಿಗೂ ಅವುಗಳ ಸಿಡುಕು, ಉಗುಳು ಒಗ್ಗಲಿಲ್ಲ. ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಒಂಟೆ ಯಾರಿಗೂ ಬೇಡವಾದವು. ಕೆಲವನ್ನು ಹರಾಜು ಹಾಕಿದರು. ಕೆಲವು ಮರುಭೂಮಿ ಪಾಲಾದವು. ಹೈ ಜಾಲಿ 1902ರಲ್ಲಿ ತೀರಿಕೊಂಡ. ಅರಿಜೋನಾದ ಕ್ವಾರ್ಟ್‌ಸೈಟ್ ಊರಿನಲ್ಲಿ ಅವನ ಸಮಾಧಿ ಇದೆ. ಅದರ ಮೇಲೆ ಕಲ್ಲಿನ ಚಿಕ್ಕ ಪಿರಮಿಡ್ಡು, ತುದಿಯಲ್ಲಿ ಲೋಹದ ಒಂಟೆ. ಫೋಟೊ ಹುಡುಕಿ ಮಗನಿಗೆ ತೋರಿಸಿ. ಕೌಬಾಯ್ ಸೀಮೆಯಲ್ಲಿ ಒಬ್ಬ ಹಾಜಿಯ ಗೋರಿ ಇದೆ ಅಂದ್ರೆ ಆ ಲೋಕ ಅವನ ತಲೆಯಲ್ಲಿ ಒಮ್ಮೆಗೇ ದೊಡ್ಡದಾಗುತ್ತದೆ.

ಹಿಂದೆ ಒಮ್ಮೆ ಒಂದು ಹಳ್ಳಿ ಶಾಲೆಯಲ್ಲಿ ಈ ಕಥೆ ಹೇಳಿದ್ದೆ. 'ಅದು ಒಂಟೆ' ಅನ್ನುತ್ತಿದ್ದ ಹಾಗೆ ಮಕ್ಕಳ ಭಯ ಇಳಿದುಹೋಗುತ್ತದೆ, ಮುಖ ಸಪ್ಪಗಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು, 'ಮತ್ತೆ ಆ ಮನುಷ್ಯನ್ನ ಕಟ್ಟಿದೋರು ಯಾರು ಸರ್?' ಅಂದಳು. ಇಡೀ ಕ್ಲಾಸು ತಣ್ಣಗಾಯಿತು. ದೆವ್ವ ಒಂಟೆಯಾದಾಗ ಹೋಗಬೇಕಿದ್ದ ಭಯ ಆ ಒಂದು ಪ್ರಶ್ನೆಗೆ ದುಪ್ಪಟ್ಟಾಗಿ ಬಂತು.

ನಿಮ್ಮ ಮಗನ ನಾಲ್ಕನೇ ಪುಟ ಇರುವುದು ಅಲ್ಲೇ. 'ಮುಂದೆ ಏನಾಗಬೇಕು' ಅಂತ ಯೋಚಿಸುವುದು ಬಿಟ್ಟು 'ಹಿಂದೆ ಏನಾಗಿತ್ತು' ಅಂತ ಯೋಚಿಸಲಿ.

ಕಟ್ಟಿದ್ದು ಯಾರು ಅನ್ನುವುದಕ್ಕೆ ಆ ಸೀಮೆಯವರೇ ಬೇರೆ ಬೇರೆ ಉತ್ತರ ಹೇಳಿದ್ದಾರೆ. ಒಂಟೆ ಹತ್ತಲು ಹೆದರುತ್ತಿದ್ದ ಒಬ್ಬ ಎಳೆ ಸಿಪಾಯಿಗೆ ಭಯ ಬಿಡಿಸಲು ಜೊತೆಯವರು ಕಟ್ಟಿದರು, ಒಂಟೆ ಓಡಿಹೋಯಿತು ಅನ್ನುತ್ತಾರೆ ಕೆಲವರು. ಬಾಯಾರಿ ಸಾಯುತ್ತಿದ್ದವನು ನೀರಿನ ಕಡೆ ಒಯ್ಯಲಿ ಅಂತ ತನ್ನನ್ನು ತಾನೇ ಕಟ್ಟಿಕೊಂಡ ಅನ್ನುತ್ತಾರೆ ಇನ್ನು ಕೆಲವರು. ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ. ಒಂದರಲ್ಲಿ ತಮಾಷೆ ಅಂತ ಶುರುವಾಗಿ ಕೊಲೆಯಾದದ್ದು. ಇನ್ನೊಂದರಲ್ಲಿ ಬದುಕುವ ಆಸೆ. ಯಾವುದನ್ನು ಹಿಡಿದರೆ ದೆವ್ವದ ಸ್ವಭಾವ ಹೇಗಿರುತ್ತದೆ ಅಂತ ಅವನನ್ನೇ ಕೇಳಿ. ಮೊದಲನೆಯವನಾದರೆ ಆ ಸಿಪಾಯಿಗಳನ್ನು ಹುಡುಕಿಕೊಂಡು ಅಲೆಯುತ್ತಾನೆ. ಎರಡನೆಯವನಾದರೆ ನೀರಿದ್ದಲ್ಲಿಗೇ ಬರುತ್ತಾನೆ. ಆ ಹೆಂಗಸು ಹೋಗಿದ್ದು ಒರತೆಗೆ ಅನ್ನುವುದು ನೆನಪಿದೆಯಲ್ಲ?

ಟೆಕ್ಸಾಸಿನಲ್ಲಿ ಇದರ ಅಣ್ಣನಂಥ ಕಥೆ ಇನ್ನೊಂದಿದೆ. ಅದರ ಹೆಸರು 'ಎಲ್ ಮುಯೆರ್ಟೊ', ಸ್ಪ್ಯಾನಿಷ್‌ನಲ್ಲಿ ಸತ್ತವನು ಅಂತ ಅರ್ಥ. 1850ರ ಸುಮಾರಿಗೆ ವಿದಾಲ್ ಎಂಬ ಕುದುರೆಗಳ್ಳನನ್ನು ಹಿಡಿದು ಕೊಂದವರು, ಅವನ ರುಂಡವಿಲ್ಲದ ದೇಹವನ್ನು ಕಾಡು ಕುದುರೆಯ ಜೀನಿನ ಮೇಲೆ ನೆಟ್ಟಗೆ ಕೂರಿಸಿ ಕಟ್ಟಿ ಓಡಿಸಿದರು ಅಂತ ಹೇಳಿಕೆ. ಉಳಿದ ಕಳ್ಳರು ಹೆದರಲಿ ಅಂತ. ಕಳ್ಳರ ಜೊತೆ ಇಡೀ ಸೀಮೆಯೇ ಹೆದರಿತು. ಇಲ್ಲೂ ಅದೇ ಮಾತು. ದೆವ್ವವನ್ನು ಮಾಡಿದ್ದು ಹಗ್ಗ ಹಿಡಿದ ಕೈ. ಈ ಕಥೆ ಸ್ವಲ್ಪ ಕ್ರೂರವಾಯಿತು. 12ರ ಹುಡುಗನಿಗೆ ಹೇಳಬಹುದು, ಅವನಿಗೆ ಚಿಕ್ಕ ತಂಗಿ ಇದ್ದರೆ ಅವಳ ಮುಂದೆ ಬೇಡ.

ಈಗ ಕೌಬಾಯ್ ವಿಷಯ. ಸಿನಿಮಾ ನೋಡಿದ ಮಕ್ಕಳಿಗೆ ಕೌಬಾಯ್ ಅಂದ್ರೆ ಪಿಸ್ತೂಲು. ನಿಜದಲ್ಲಿ ಅವನು ದನಗಾಹಿ, ತಿಂಗಳ ಸಂಬಳದ ಆಳು. ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನಲ್ಲಿ ಉದ್ದ ಕೊಂಬಿನ ದನಗಳು ಲೆಕ್ಕವಿಲ್ಲದಷ್ಟಿದ್ದವು, ಕೊಳ್ಳುವವರು ದೂರದಲ್ಲಿದ್ದರು. 1867ರಿಂದ ಕಾನ್ಸಾಸಿನ ಆಬಿಲೀನ್ ರೈಲು ನಿಲ್ದಾಣದವರೆಗೆ ದನ ಹೊಡೆದುಕೊಂಡು ಹೋಗತೊಡಗಿದರು. ಎರಡು ಮೂರು ಸಾವಿರ ದನಕ್ಕೆ ಹತ್ತು ಹನ್ನೆರಡು ಜನ. ದಿನಕ್ಕೆ 16ರಿಂದ 24 ಕಿಲೋಮೀಟರ್ ದಾರಿ. ಹೀಗೆ ತಿಂಗಳುಗಟ್ಟಲೆ. ಅವರಲ್ಲಿ ಕಪ್ಪು ಜನರು, ಮೆಕ್ಸಿಕೊದವರು ಬಹಳ ಮಂದಿ. ಹಗ್ಗ ಬೀಸುವ ವಿದ್ಯೆ, ಜೀನು, ಎಷ್ಟೋ ಮಾತುಗಳು ಸಹ ಮೆಕ್ಸಿಕೊದ ದನಗಾಹಿಗಳಿಂದಲೇ ಬಂದವು. ಬಾಣಸಿಗನದ್ದೇ ಒಂದು ಬಂಡಿ. ಕುದುರೆ ಕಾಯುವ ಕೆಲಸ ಸಾಮಾನ್ಯವಾಗಿ ತಂಡದ ಚಿಕ್ಕ ಹುಡುಗನದ್ದು. ನಿಮ್ಮ ಮಗನ ನಾಯಕ ಆ ಹುಡುಗನೇ ಯಾಕಾಗಬಾರದು?

ರಾತ್ರಿ ಕಾವಲು ಇರುತ್ತಿತ್ತು. ಇಬ್ಬರು ಕುದುರೆ ಮೇಲೆ ಹಿಂಡಿನ ಸುತ್ತ ಎದುರುಬದುರಾಗಿ ಸುತ್ತು ಹಾಕಬೇಕು. ಸುತ್ತುವಾಗ ಮೆಲ್ಲಗೆ ಹಾಡುತ್ತಿರಬೇಕು. ಹಾಡು ಕೇಳುತ್ತಿದ್ದರೆ ದನ ಬೆದರುವುದಿಲ್ಲ. ಕತ್ತಲಲ್ಲಿ ಒಂದು ಕಡ್ಡಿ ಮುರಿದ ಸದ್ದಾದರೂ ಸಾಕು, ಸಾವಿರಾರು ದನ ಒಮ್ಮೆಗೇ ಎದ್ದು ನುಗ್ಗುತ್ತವೆ. ಕೆಳಗೆ ಸಿಕ್ಕವನು ಉಳಿಯುವುದಿಲ್ಲ. ಈ ಜಾಗ ದೆವ್ವದ ಕಥೆಗೆ ಹೇಳಿ ಮಾಡಿಸಿದ ಹಾಗಿದೆ. ಇಬ್ಬರೇ ಕಾವಲಿದ್ದಾರೆ. ಎದುರಿನವನ ಹಾಡು ಕೇಳುತ್ತಾ ಇದೆ. ಹುಡುಗನೂ ಹಾಡುತ್ತಿದ್ದಾನೆ. ಆಗ ಮೂರನೆಯ ದನಿ ಸೇರಿಕೊಳ್ಳುತ್ತದೆ. ಇಷ್ಟು ಸಾಕು, ಒಂದು ತೊಟ್ಟು ರಕ್ತವೂ ಬೇಡ.

ಮಳೆ ಗುಡುಗಿನ ರಾತ್ರಿ ಇನ್ನೊಂದು ಆಗುತ್ತಿತ್ತು. ದನಗಳ ಕೊಂಬಿನ ತುದಿಯಲ್ಲಿ, ಕುದುರೆಯ ಕಿವಿಯ ತುದಿಯಲ್ಲಿ ನೀಲಿ ಬೆಳಕು ಹೊತ್ತಿಕೊಂಡು ಕುಣಿಯುತ್ತಿತ್ತು. ಸುಡುವುದಿಲ್ಲ, ಬರೀ ಉರಿಯುತ್ತದೆ. ಹಳೆಯ ದನಗಾಹಿಗಳು ಇದನ್ನು ಬರೆದಿಟ್ಟಿದ್ದಾರೆ. ಹಡಗಿನವರಿಗೂ ಇದು ಗೊತ್ತು, ಕಂಬದ ತುದಿಯಲ್ಲಿ ಕಾಣುತ್ತಿತ್ತು. ಸಿಡಿಲು ಮೋಡ ಕವಿದಾಗ ಗಾಳಿಯಲ್ಲಿ ತುಂಬಿದ ವಿದ್ಯುತ್ತು ಚೂಪಾದ ತುದಿಗಳಲ್ಲಿ ಬೆಳಕಾಗಿ ಹೊರಬರುತ್ತದೆ. ವಿಜ್ಞಾನ ಇಷ್ಟೇ. ಆದರೆ ಕತ್ತಲ ಬಯಲಲ್ಲಿ ಎರಡು ಸಾವಿರ ದನ, ನಾಲ್ಕು ಸಾವಿರ ಕೊಂಬು, ಪ್ರತಿ ತುದಿಗೂ ಒಂದು ನೀಲಿ ಕುಡಿ ಅಂತ ಕಣ್ಣಿಗೆ ತಂದುಕೊಳ್ಳಿ. ಕೊಳ್ಳಿದೆವ್ವದ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಜಾಗ ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಕಡೆ ಹೊಲದಲ್ಲಿ ಕುರಿ ಹಿಂಡು ತಂಗುತ್ತದಲ್ಲ, ಒಂದು ಸಂಜೆ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕುರುಬರ ಹತ್ತಿರ ಕೂತು ಮಾತಾಡಲಿ. ಕತ್ತಲಾದ ಮೇಲೆ ಹಿಂಡಿನ ಸದ್ದು ಹೇಗೆ ಬದಲಾಗುತ್ತದೆ, ನಾಯಿ ಯಾವಾಗ ಸುಮ್ನೆ ಬೊಗಳುತ್ತದೆ, ಯಾವಾಗ ತೋಳ ಬಂದ ಹಾಗೆ ಬೊಗಳುತ್ತದೆ ಅಂತ ಅವರು ಹೇಳುತ್ತಾರೆ. ಈಗಲ್ ಕ್ರೀಕಿನ ನಾಯಿಯ ಬೊಗಳು ಅವನಿಗೆ ಅಲ್ಲಿ ಸಿಗುತ್ತದೆ. ಹೆಸರು, ಊರು ಅಮೆರಿಕದ್ದೇ ಇರಲಿ. ಕಿವಿ ಅವನದ್ದಾಗಿರಲಿ.

ಇನ್ನು ಗುಂಡಿನ ಅಳುಕು. ನಿಮ್ಮ ಅಳುಕು ಸರಿಯಾದದ್ದೇ. ಆದರೆ ಅದಕ್ಕೆ ಮದ್ದು ಇತಿಹಾಸದಲ್ಲೇ ಇದೆ. ಆ ಕಾಲದ ಎಷ್ಟೋ ದನದ ಪೇಟೆಗಳಲ್ಲಿ ಊರೊಳಗೆ ಬಂದೂಕು ಹೊತ್ತು ತಿರುಗುವುದು ನಿಷೇಧವಾಗಿತ್ತು. ಬಂದವರು ಬಂದೂಕು ಒಪ್ಪಿಸಿ ಒಳಗೆ ಬರಬೇಕಿತ್ತು. ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರಂದು ನಡೆದ, ಲೋಕಕ್ಕೆಲ್ಲ ಗೊತ್ತಿರುವ ಗುಂಡಿನ ಕಾಳಗ ಶುರುವಾದದ್ದೇ ಆ ಕಾನೂನಿನ ಮೇಲೆ. ಅದು ನಡೆದದ್ದು ಸುಮಾರು 30 ಸೆಕೆಂಡು. ಮೂವರು ಸತ್ತರು. ಸಿನಿಮಾದಲ್ಲಿ ಹತ್ತು ನಿಮಿಷ ಓಡುವುದು ನಿಜದಲ್ಲಿ ಅಷ್ಟೇ. ಮಗನಿಗೆ ಒಂದು ಕಟ್ಟುಪಾಡು ಹಾಕಿ: ಇಡೀ ಕಥೆಯಲ್ಲಿ ಒಂದೇ ಗುಂಡು. ಯಾವಾಗ ಹಾರಬೇಕು ಅಂತ ಅವನೇ ತೀರ್ಮಾನಿಸಲಿ. ನನ್ನ ಅನುಭವದಲ್ಲಿ ಈ ಮಾತು ಹೇಳಿದ ಮೇಲೆ ಮಕ್ಕಳು ಗುಂಡನ್ನು ಕೊನೆಯವರೆಗೂ ಜೋಪಾನ ಮಾಡಿ ಇಡುತ್ತಾರೆ. ಕೆಲವರು ಹಾರಿಸುವುದೇ ಇಲ್ಲ.

ಸಾವನ್ನು ತೋರಿಸುವ ಬಗೆಯೂ ಮೇಲಿನ ಕಥೆಯಲ್ಲೇ ಇದೆ. ಆ ಹೆಂಗಸು ಸಾಯುವುದನ್ನು ಯಾರೂ ನೋಡಲಿಲ್ಲ. ನಾವು ಕಿಟಕಿಯ ಒಳಗಿದ್ದೆವು. ನಾಯಿ, ಕಿರುಚು, ಕೆಂಪು ಬಣ್ಣ, ಆಮೇಲೆ ಬಾಗಿಲ ಚಿಲಕ. ಮಕ್ಕಳ ಕಥೆಗೆ ಆ ಕಿಟಕಿ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಕೌಬಾಯ್ ಕಥೆಗಳಲ್ಲಿ ಆ ನೆಲದ ಮೂಲ ಜನರನ್ನು ಕೂಗಾಡುತ್ತಾ ಬರುವ ರಾಕ್ಷಸರ ಹಾಗೆ ಮಾಡಿದ್ದಾರೆ. ಅದನ್ನು ನಿಮ್ಮ ಮಗ ಮುಂದುವರಿಸುವುದು ಬೇಡ. ನವಾಹೊ ಜನರನ್ನು 1864ರಲ್ಲಿ ಸೈನ್ಯ ಅವರ ನೆಲದಿಂದ ಕಿತ್ತು ನೂರಾರು ಮೈಲಿ ನಡೆಸಿಕೊಂಡು ಹೋಯಿತು. ದಾರಿಯಲ್ಲಿ ಎಷ್ಟೋ ಜನ ಸತ್ತರು. 1868ರಲ್ಲಿ ಒಪ್ಪಂದವಾಗಿ ಉಳಿದವರು ಊರಿಗೆ ಮರಳಿದರು. ಕೆಂಪು ದೆವ್ವ ಅಲೆದ ಸೀಮೆಯ ಪಕ್ಕದಲ್ಲೇ ಅಪಾಚೆ ಎಂಬ ಇನ್ನೊಂದು ಮೂಲ ಜನರನ್ನು ಕೂಡಿಹಾಕಿದ ಸ್ಯಾನ್ ಕಾರ್ಲೋಸ್ ಎಂಬ ಜಾಗ ಇತ್ತು. ಈ ಜನರೆಲ್ಲ ಇಂದೂ ಅಲ್ಲೇ ಇದ್ದಾರೆ, ಅವರ ಮಕ್ಕಳೂ ಕಥೆ ಓದುತ್ತಾರೆ. ಪ್ರಾಣಿ ರೂಪ ತಾಳುವ ಮಾಟಗಾರರ ಬಗ್ಗೆ ನವಾಹೊ ನಂಬಿಕೆ ಒಂದಿದೆ. ಇಂಟರ್ನೆಟ್ಟಿನಲ್ಲಿ ಅದರ ಹೆಸರಲ್ಲಿ ಕಥೆಗಳು ರಾಶಿ ಬಿದ್ದಿವೆ. ಆದರೆ ನವಾಹೊ ಮನೆಗಳಲ್ಲಿ ಅದನ್ನು ಹೊರಗಿನವರ ಮುಂದೆ ಆಡುವುದಿಲ್ಲ. ಆಡಬಾರದ ಮಾತು ಅಂತ ಬಿಟ್ಟಿರುತ್ತಾರೆ. ನಮ್ಮಲ್ಲೂ ರಾತ್ರಿ ಹೊತ್ತು ಕೆಲವು ಹೆಸರು ಹೇಳುವುದಿಲ್ಲ, ಅಲ್ವಾ? ಅದನ್ನು ಕಥೆಗೆ ಎಳೆಯದೆ ಬಿಡಲಿ. ಅಪಾಚೆ ಹುಡುಗನೊಬ್ಬ ಕಥೆಯಲ್ಲಿ ಬರುವುದಾದರೆ ಬರಲಿ. ಅವನಿಗೂ ಒಂದು ಹೆಸರು, ಒಬ್ಬಳು ಅಮ್ಮ, ಒಂದು ಕೆಲಸ, ಒಂದು ಭಯ ಇರಲಿ. ಮಂತ್ರ ಹೇಳಿಕೊಟ್ಟು ಮಾಯವಾಗುವವನು ಮಾತ್ರ ಆಗದಿರಲಿ.

ಸಾರಾಯಿ ಅಂಗಡಿಯೇ ಬೇಕು ಅಂತ ಹಟ ಮಾಡಿದರೆ ಅವನನ್ನು ಬೋಡಿಗೆ ಕಳುಹಿಸಿ. ಕ್ಯಾಲಿಫೋರ್ನಿಯಾದ ಗುಡ್ಡದ ಮೇಲಿನ ಹಾಳೂರು ಅದು. 1859ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಚಿನ್ನ ಕಂಡ ಬೋಡಿ ಎಂಬವನೇ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತ, ಊರಿಗೆ ಅವನ ಹೆಸರು ಉಳಿಯಿತು. 1880ರ ಸುಮಾರಿಗೆ ಸಾವಿರಾರು ಜನ ಇದ್ದರು. ಚಿನ್ನ ಮುಗಿಯಿತು, ಜನ ಹೋದರು. ಮನೆಯೊಳಗೆ ಮೇಜು, ತಟ್ಟೆ, ಅಂಗಡಿಯ ಕಪಾಟಿನಲ್ಲಿ ಡಬ್ಬಿ ಇಟ್ಟಂತೆಯೇ ಇವೆ. 1962ರಿಂದ ಅದು ಸರ್ಕಾರದ ಪಾರ್ಕು. ಅಲ್ಲಿಂದ ಒಂದು ಮೊಳೆ ತಂದರೂ ಕೇಡು ಬೆನ್ನು ಹತ್ತುತ್ತದೆ ಅಂತ ಪ್ರತೀತಿ. ಕದ್ದವರು ಕ್ಷಮಾಪಣೆ ಪತ್ರದ ಜೊತೆ ಮೊಳೆ, ಗಾಜಿನ ಚೂರು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಕಳ್ಳತನ ತಪ್ಪಿಸಲು ಪಾರ್ಕಿನವರೇ ಹಬ್ಬಿಸಿದ ಮಾತು ಅಂತಲೂ ಹೇಳುತ್ತಾರೆ. ಏನೇ ಆಗಲಿ, ಜೇಬಿನಲ್ಲಿ ಒಂದು ಮೊಳೆ ಇಟ್ಟುಕೊಂಡ ಹುಡುಗ ಅನ್ನುವುದೇ ಇನ್ನೊಂದು ಕಥೆ.

ಆದರೂ ನನ್ನ ಮನಸ್ಸು ಮತ್ತೆ ಒಂಟೆಯ ಕಡೆಗೇ ಹೋಗುತ್ತದೆ. ಹತ್ತು ವರ್ಷ ಆ ಪ್ರಾಣಿಯ ಮೇಲೆ ಮಿಣಿ ಬಿಗಿದಿತ್ತು. ಕಂಡವರೆಲ್ಲ ಓಡಿದರು, ಇಲ್ಲವೇ ಗುಂಡು ಹೊಡೆದರು. ಹತ್ತಿರ ಹೋಗಿ ಗಂಟು ಬಿಚ್ಚೋಣ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ನಿಮ್ಮ ಮಗನ ನಾಯಕ ಮಾಡಬೇಕಾದ ಸಾಹಸ ಅದೇ ಯಾಕಾಗಬಾರದು? ದೆವ್ವ ಓಡಿಸುವುದಕ್ಕೆ ಬದಲು, ಕತ್ತಲಲ್ಲಿ ಆ ಸಿಡುಕು ಒಂಟೆಯ ಪಕ್ಕ ನಿಂತು, ಸತ್ತವನ ಎಲುಬಿನ ಕೈ ತಾಗುವಷ್ಟು ಹತ್ತಿರ ನಿಂತು, ಒಣಗಿ ಕಲ್ಲಾದ ಚರ್ಮದ ಗಂಟನ್ನು ಬಿಚ್ಚುವುದು. ಚಾಕು ಮೊಂಡಾಗಿದೆ. ನೀರು ಹಾಕಿ ನೆನೆಸಿದರೆ ಮಾತ್ರ ಚರ್ಮ ಸಡಿಲಾಗುತ್ತದೆ. ಅವನ ಹತ್ತಿರ ಇರುವುದು ಒಂದೇ ಸೀಸೆ ನೀರು, ಮುಂದಿನ ಒರತೆ ಒಂದು ದಿನದ ದಾರಿ. ಕುಡಿಯುವುದಾ, ಗಂಟಿಗೆ ಹಾಕುವುದಾ?

ಇವತ್ತೇ ಅವನಿಗೆ ಇಷ್ಟನ್ನು ಹೇಳಿ, ಆಮೇಲೆ ಎದ್ದು ಅಡುಗೆಮನೆ ಕಡೆ ಹೋಗಿಬಿಡಿ. ಪಕ್ಕದಲ್ಲಿ ಕೂರಬೇಡಿ. ಬರೆದದ್ದನ್ನು ಅವನಾಗಿ ತೋರಿಸುವವರೆಗೆ ಕೇಳಲೂಬೇಡಿ. ತೋರಿಸಿದಾಗ ಕಾಗುಣಿತ ತಿದ್ದುವ ಮೊದಲು ಒಂದೇ ಮಾತು ಕೇಳಿ: ಒಂಟೆಯ ಮೇಲಿದ್ದವನ ಹೆಸರು ಏನು?